ಕರೆಂಟ್ ಇಟ್ಟರೆ ಸೊರಗಿದ ಕೈ ತುಂಬಿಕೊಳ್ಳುತ್ತದೆಯೇ?

ಪ್ರಶ್ನೆ: ಮೂರು ತಿಂಗಳ ಹಿಂದೆ ಹುಣಸೆಹಣ್ಣು ಉದುರಿಸುವಾಗ ನಮ್ಮಪ್ಪ ಮರದಿಂದ ಬಿದ್ದು ಬಲತೋಳಿನ ಮೂಳೆ ಮುರಿಯಿತು. ಮೂಳೆ ಕೂಡಿದೆ, ಮಣಿಕಟ್ಟು ಮಾತ್ರ ಜೋತುಬಿದ್ದಿದೆ. ಎರಡು ತಿಂಗಳಿಂದ ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗಿ ಫಿಸಿಯೋಥೆರಪಿಯಲ್ಲಿ ಕೈಗೆ ಕರೆಂಟ್ ಇಡಿಸುತ್ತಿದ್ದೇವೆ. ಮುಂಗೈ ಸೊರಗುತ್ತಲೇ ಇದೆ. ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಮಷೀನು ತಂದು ಮನೆಯಲ್ಲೇ ಇಡಬಹುದೇ?

ಉತ್ತರ: ಆ ಮಷೀನು ತರಬೇಡಿ. ಮೂಳೆ ಕೂಡಿದರೂ ಮಣಿಕಟ್ಟು ಜೋತುಬಿದ್ದಿದೆ ಎಂದರೆ, ಮೂಳೆ ಮುರಿದಾಗ ಅದರ ಪಕ್ಕದ ನರಕ್ಕೂ ಪೆಟ್ಟಾಗಿರಬೇಕು. ಅವುಗಳಲ್ಲಿ ಹೆಚ್ಚಿನವು ನೋವು ಮರೆಸುವ ಟೆನ್ಸ್ ಯಂತ್ರಗಳು. ಅವು ಬಿಡುವ ಮಿಡಿತ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ನರದ ಸಂಪರ್ಕ ಕಡಿದ ಸ್ನಾಯು ಅಷ್ಟಕ್ಕೆ ಅಲುಗುವುದಿಲ್ಲ; ಅದಕ್ಕೆ ನೂರು ಮಿಲಿಸೆಕೆಂಡ್ ಆಸುಪಾಸಿನ ಉದ್ದನೆಯ ಮಿಡಿತ ಬೇಕು. ಸಾಲದೆಂದು ಮನೆಯಲ್ಲಿ ತಿರುಗಣೆ ಏರಿಸಿದರೆ ಪಕ್ಕದ ಚೆನ್ನಾಗಿರುವ ಸ್ನಾಯು ಎಗರುತ್ತದೆ, ಸ್ಪರ್ಶ ಕಳೆದುಕೊಂಡ ಚರ್ಮ ಸುಟ್ಟರೂ ಅಪ್ಪನಿಗೆ ಗೊತ್ತಾಗುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದರಂತೂ ಮುಟ್ಟಲೇಬಾರದು.

ಎರಡು ತಿಂಗಳಿಂದ ಕರೆಂಟ್ ಇಟ್ಟರೂ ಕೈ ಏಕೆ ತುಂಬಿಕೊಂಡಿಲ್ಲ? ಕರೆಂಟ್ ನರವನ್ನು ಬೆಳೆಸುವುದಿಲ್ಲ. ನರ ಬರುವವರೆಗೆ ಸ್ನಾಯು ಪೂರ್ತಿ ಬತ್ತದಂತೆ ಕಾಯುವುದಷ್ಟೇ ಅದರ ಕೆಲಸ, ಅದೂ ಅಷ್ಟಿಷ್ಟೇ. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ತೋಳಿನ ನಡುವೆ ಪೆಟ್ಟು ಬಿದ್ದಿದ್ದರೆ ಮೊಣಕೈ ಬಳಿಯ ಮೊದಲ ಸ್ನಾಯುವಿಗೆ ಹತ್ತು-ಹನ್ನೆರಡು ಸೆಂಟಿಮೀಟರ್ ದೂರ, ಅಂದರೆ ಸರಿಸುಮಾರು ನಾಲ್ಕು ತಿಂಗಳು. ಬೆರಳು, ಹೆಬ್ಬೆರಳು ಎತ್ತುವ ಶಕ್ತಿ ಕೊನೆಗೆ ಬರುತ್ತದೆ.

ಬಸ್‌ಚಾರ್ಜು, ಕಳೆದುಹೋದ ಕೂಲಿ ಲೆಕ್ಕ ಹಾಕಿದರೆ, ನನಗೆ ಕರೆಂಟ್‌ಗಿಂತ ಮಣಿಕಟ್ಟನ್ನು ಮೇಲೆತ್ತಿ ಹಿಡಿಯುವ ಸ್ಪ್ಲಿಂಟ್ ಮುಖ್ಯ. ಅದನ್ನು ಬಿಚ್ಚಿ, ದಿನಕ್ಕೆ ನಾಲ್ಕು ಸಲ ನೀವೇ ಅಪ್ಪನ ಮಣಿಕಟ್ಟನ್ನೂ ಬೆರಳುಗಳನ್ನೂ ನಿಧಾನವಾಗಿ ಹಿಂದಕ್ಕೆ ಬಾಗಿಸಿ. ಕೀಲು ಗಟ್ಟಿಯಾದರೆ ನರ ಬಂದರೂ ಕೈ ಏಳದು.

ನರದ ಪರೀಕ್ಷೆ (ಇಎಂಜಿ) ಆಗಿದೆಯೇ ಎಂದು ನೀವು ಬರೆದಿಲ್ಲ. ಪೆಟ್ಟಾಗಿ ಮೂರು ವಾರ ಕಳೆದ ಮೇಲೆ ನರಕ್ಕೆ ಎಷ್ಟು ಪೆಟ್ಟಾಗಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆಗಿಲ್ಲವಾದರೆ ಈಗ ಮಾಡಿಸಿ. ನಾಲ್ಕೈದು ತಿಂಗಳಾದರೂ ಚೇತರಿಕೆ ಕಾಣದಿದ್ದರೆ ನರದ ಸರ್ಜನ್ ಬಳಿ ಹೋಗಿ. ವರ್ಷ, ಒಂದೂವರೆ ವರ್ಷ ನರವಿಲ್ಲದೆ ಕಳೆದ ಸ್ನಾಯು ಆಮೇಲೆ ನರ ಬಂದರೂ ಒಪ್ಪಿಕೊಳ್ಳುವುದು ಕಷ್ಟ.

ವಾರಕ್ಕೊಮ್ಮೆ ಒಂದು ಕೆಲಸ ಮಾಡಿ. ಕಾಫಿ ಲೋಟ ಹಿಡಿದಂತೆ ಹೆಬ್ಬೆರಳು ಮೇಲೆ ಬರುವ ಹಾಗೆ ಅಪ್ಪ ಮೊಣಕೈ ಮಡಚಲಿ, ನೀವು ಮುಂಗೈಯನ್ನು ಕೆಳಗೆ ಒತ್ತಿ ತಡೆಯಿರಿ. ಮೊಣಕೈ ಕೆಳಗೆ ಹೆಬ್ಬೆರಳಿನ ಬದಿಯಲ್ಲಿ ಸಣ್ಣ ಏಣು ಎದ್ದರೆ ಮೊದಲ ಸ್ನಾಯುವಿಗೆ ನರ ತಲುಪಿದೆ. ಆ ತಾರೀಖು ಬರೆದಿಟ್ಟು ಡಾಕ್ಟರಿಗೆ ತೋರಿಸಿ.