ಮೊದಲ ಗುಮಾನಿ ಎರಡು ಬಾರಿ ತಪ್ಪಿದ ಊರು

ಬಾಂಬ್ ಸಿಡಿದ ಮರುದಿನ ಜನಜೀವನ ಸಹಜ ಸ್ಥಿತಿಗೆ ಮರಳಿತೆಂದು ಪತ್ರಿಕೆಗಳು ಬರೆಯುತ್ತವೆ. ಹುಬ್ಬಳ್ಳಿಯ ಮಟ್ಟಿಗೆ ಅದು ಸುಳ್ಳಲ್ಲ. ದುರ್ಗದಬೈಲಿನ ಅಂಗಡಿಗಳು ತೆರೆಯುತ್ತವೆ, ಧಾರವಾಡದ ಬಸ್ಸುಗಳು ತುಂಬುತ್ತವೆ. ತಡವಾಗಿ ಮರಳುವುದು ನೆರೆಯವರ ಮೇಲಿನ ನಂಬಿಕೆ.

2000ದ ಜುಲೈ 8ರಂದು ಇಲ್ಲಿನ ಲುಥೆರನ್ ಚರ್ಚಿನಲ್ಲಿ ಸ್ಫೋಟ ಸಂಭವಿಸಿತು. ಹಿಂದಿನ ತಿಂಗಳು ಕಲಬುರಗಿ ಜಿಲ್ಲೆಯ ವಾಡಿಯ ಚರ್ಚಿನಲ್ಲಿ ಆಗಿತ್ತು, ಮರುದಿನ ಬೆಂಗಳೂರಿನಲ್ಲಿ. ದೇಶದ ಹಲವೆಡೆ ಕ್ರೈಸ್ತರ ಮೇಲೆ ದಾಳಿಗಳಾಗುತ್ತಿದ್ದ ಕಾಲ; ಗುಮಾನಿ ಹಿಂದುತ್ವ ಸಂಘಟನೆಗಳತ್ತ ತಿರುಗಿತು. ಆದರೆ ಜುಲೈ 9ರಂದೇ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಬಾಂಬ್ ಸಾಗಿಸುತ್ತಿದ್ದ ವ್ಯಾನ್ ಸಿಡಿದು ಒಳಗಿದ್ದ ಇಬ್ಬರು ಸತ್ತರು. ಆ ಸುಳಿವು ಹಿಡಿದು ಹೊರಟ ಪೊಲೀಸರು ದೀನ್‌ದಾರ್ ಅಂಜುಮನ್ ಎಂಬ ಮುಸ್ಲಿಂ ಪಂಥದ ಬಾಗಿಲಿಗೆ ಬಂದರು. 2001ರಲ್ಲಿ ಅದನ್ನು ನಿಷೇಧಿಸಲಾಯಿತು. ತೀರ್ಪು ಬಂದದ್ದು 2008ರ ನವೆಂಬರ್‌ನಲ್ಲಿ: 11 ಮಂದಿಗೆ ಮರಣದಂಡನೆ, 12 ಮಂದಿಗೆ ಜೀವಾವಧಿ. ಮರಣದಂಡನೆಯನ್ನು ಹೈಕೋರ್ಟ್ ಮುಂದೆ ಜೀವಾವಧಿಗೆ ಇಳಿಸಿತು.

ಅದೇ 2008ರಲ್ಲಿ ಕಥೆ ತಿರುವುಮುರುವಾಯಿತು. ನಿಷೇಧಿತ ಮುಸ್ಲಿಂ ವಿದ್ಯಾರ್ಥಿ ಸಂಘಟನೆ ಸಿಮಿಯ ನಂಟಿನ ಆರೋಪದಲ್ಲಿ ವರ್ಷದ ಆರಂಭದಿಂದಲೇ ವೈದ್ಯಕೀಯ ವಿದ್ಯಾರ್ಥಿಗಳೂ ಸೇರಿ ಹಲವು ಮುಸ್ಲಿಂ ಯುವಕರ ಬಂಧನವಾಗಿತ್ತು. ಮೇ 10ರಂದು ಹುಬ್ಬಳ್ಳಿಯ ನ್ಯಾಯಾಲಯದ ಕೊಠಡಿಯಲ್ಲಿ ಬಾಂಬ್ ಸಿಡಿಯಿತು. ಅಂದು ಎರಡನೇ ಶನಿವಾರ. ಕಕ್ಷಿದಾರರು, ವಕೀಲರು ಕಿಕ್ಕಿರಿಯುವ ಜಾಗ ರಜೆಯ ಕಾರಣ ಖಾಲಿಯಿತ್ತು. ಇಲ್ಲದಿದ್ದರೆ ಈ ಲೇಖನದ ಧಾಟಿಯೇ ಬೇರೆಯಾಗುತ್ತಿತ್ತು. ಗುಮಾನಿ ಸಹಜವೆಂಬಂತೆ ಸಿಮಿಯತ್ತ ಹೋಯಿತು. 2009ರ ಜನವರಿಯಲ್ಲಿ ಪೊಲೀಸರು ಹಿಡಿದು ತಂದದ್ದು ಹಿಂದುತ್ವದ ನಂಟಿನ ಆರೋಪವಿದ್ದ ಬೇರೊಂದು ಗುಂಪನ್ನು. ಬಂಧನ ತೀರ್ಪಲ್ಲ, ನಿಜ. ಆ ಎಚ್ಚರಿಕೆ ಎರಡೂ ಕಡೆಯವರಿಗೆ ಸಮನಾಗಿ ಸಿಕ್ಕಿತೇ ಎಂಬುದು ಬೇರೆ ಮಾತು.

ಸಿಮಿ ಸಂಚಿನ ಪ್ರಕರಣದ 17 ಆರೋಪಿಗಳನ್ನೂ ಹುಬ್ಬಳ್ಳಿಯ ನ್ಯಾಯಾಲಯ ಖುಲಾಸೆಗೊಳಿಸಿದ್ದು 2015ರಲ್ಲಿ. ಬಂಧನದ ದಿನ ಮುಖಪುಟದಲ್ಲಿದ್ದ ಸುದ್ದಿ ಬಿಡುಗಡೆಯ ದಿನ ಒಳಪುಟಕ್ಕೆ ಸರಿಯುವುದು ಈ ವೃತ್ತಿಯ ಹಳೆಯ ಚಾಳಿ. ಅಂಟಿದ ಹೆಸರನ್ನು ತೊಳೆಯುವ ಕೆಲಸ ಮನೆಯವರ ಪಾಲಿಗೆ ಉಳಿಯುತ್ತದೆ. ಏಳು ವರ್ಷವೆಂದರೆ ವೈದ್ಯಕೀಯ ಪದವಿ ಮುಗಿಸಿ ಆಸ್ಪತ್ರೆಯೊಂದರಲ್ಲಿ ನೆಲೆಯೂರಲು ಸಾಕಾಗುವಷ್ಟು ಕಾಲ.

2019ರ ಅಕ್ಟೋಬರ್ 21ರಂದು ರೈಲು ನಿಲ್ದಾಣದಲ್ಲಿ ವಾರಸುದಾರರಿಲ್ಲದ ಪೊಟ್ಟಣವೊಂದನ್ನು ತೆರೆದ ವ್ಯಾಪಾರಿಯ ಕೈಗೆ ಗಾಯವಾಯಿತು. ರೈಲುಗಳ ಓಡಾಟ ಬೇಗ ಸರಿಹೋಯಿತು.

ಭಯೋತ್ಪಾದನೆಯಲ್ಲಿ ಸತ್ತವರ ಕುಟುಂಬಗಳಿಗೆ ಕೇಂದ್ರದ ನೆರವಿನ ಯೋಜನೆ 2008ರಿಂದ ಇದೆ. ತಪ್ಪು ಮೊಕದ್ದಮೆಯಲ್ಲಿ ವರ್ಷಗಳನ್ನು ಕಳೆದುಕೊಂಡವರಿಗೂ ಪರಿಹಾರದ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತು.