ಒಂದೇ ಹಂಡೆಯ ಬಿಸಿನೀರು

ನಾನು ಶಿವಮೊಗ್ಗದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. "ಫಿಸಿಯೋಥೆರಪಿ ಅಲ್ವಾ ಮೇಡಂ?" ಅಂತ ಕೇಳುವವರೇ ಜಾಸ್ತಿ. ನಮ್ಮ ಕೆಲಸ ಸ್ವಲ್ಪ ಬೇರೆ. ಉಣ್ಣುವುದು, ಉಡುವುದು, ಮೀಯುವುದು, ಅಡಿಕೆ ಸುಲಿಯುವುದು, ಹೀಗೆ ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಕೈತಪ್ಪಿ ಹೋದ ದಿನದ ಕೆಲಸಗಳನ್ನು ಮತ್ತೆ ಹೇಗೆ ಮಾಡಿಕೊಳ್ಳಬಹುದು ಅಂತ ನೋಡುತ್ತೇವೆ. ಅದಕ್ಕೆ ಕಾಯಿಲೆಯ ಬಗ್ಗೆ ಅಷ್ಟೊಂದು ಯಾಕೆ ಓದಬೇಕು ಅಂತಲೂ ಕೆಲವರು ಕೇಳುತ್ತಾರೆ. ಉತ್ತರ ನಮ್ಮ ಬಚ್ಚಲುಮನೆಯಲ್ಲೇ ಇದೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬರು ತಮ್ಮ ತಂದೆಯನ್ನು ಕರೆದುಕೊಂಡು ಬಂದರು. ತಂದೆ ಕೊಳೆರೋಗಕ್ಕೆ ಮೈಲುತುತ್ತ ಹೊಡೆಯಲು ಅಡಿಕೆ ಮರ ಹತ್ತಿ, ಜಾರಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಬಂದಿದ್ದು ವ್ಹೀಲ್‌ಚೇರ್ ವಿಷಯಕ್ಕೆ. ಪಂಚೆ ಸರಿಸಿ ನೋಡಿದರೆ ಮೊಣಕಾಲಿನ ಕೆಳಗೆ ಅಂಗೈ ಅಗಲದ ಸುಟ್ಟ ಗಾಯ. ಚಳಿಯಾಗುತ್ತದೆ ಅಂತ ಮನೆಯವರು ಪ್ರೀತಿಯಿಂದ ಬಚ್ಚಲ ಒಲೆಯ ಮುಂದೆ ಕೂರಿಸಿದ್ದರು. "ಅಪ್ಪಯ್ಯ ಒಂದು ಮಾತೂ ಹೇಳ್ಲಿಲ್ಲ ಮೇಡಂ" ಅಂತ ಮಗ ಅತ್ತೇಬಿಟ್ಟರು. ಹೇಗೆ ಹೇಳಿಯಾರು? ಪೆಟ್ಟಾದ ಜಾಗದಿಂದ ಕೆಳಗಿನ ಉರಿ, ನೋವು ಅವರ ಮಿದುಳಿಗೆ ತಲುಪುವುದೇ ಇಲ್ಲ. ಮನೆಗೆ ಕಳಿಸುವಾಗ ಯಾರೋ ಒಬ್ಬರು ಈ ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಬೆನ್ನುಹುರಿಗೆ ಪೆಟ್ಟಾದವರ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಸ್ಪರ್ಶ ಸರಿಯಿರುವ ಮೊಣಕೈ ಅದ್ದಿ ನೋಡಿದ ಮೇಲೇ ಸ್ನಾನ. ಒಲೆಯಿಂದ ದೂರ. ಬಚ್ಚಲು ಕಲ್ಲಿನ ಮೇಲೋ ಗಟ್ಟಿ ಪ್ಲಾಸ್ಟಿಕ್ ಸ್ಟೂಲಿನ ಮೇಲೋ ಹಾಗೇ ಕೂರಿಸಬೇಡಿ, ಮೆತ್ತೆ ಬೇಕು. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ರಕ್ತ ಓಡಾಡದೆ ಚರ್ಮ ಸಾಯುತ್ತದೆ. ಹಾಗೆ ಆದ ಹುಣ್ಣು ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಬಹುದು.

ಅದೇ ಹಂಡೆಯ ನೀರು ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆ ಆರಾಮ ಕೊಡುತ್ತದೆ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ಏರಿಹೋಗುತ್ತದೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಗಿದುಕೊಂಡಿರುತ್ತವೆ, ಆ ಬಿಗಿತ ಒಂದು ಗಂಟೆಯಾದರೂ ಬಿಡುವುದಿಲ್ಲ. ಹತ್ತು ನಿಮಿಷ ಹದವಾದ ಬಿಸಿನೀರಿನಲ್ಲಿ ಕೈ ಇಟ್ಟು ನಿಧಾನವಾಗಿ ಆಡಿಸಿದರೆ ಕೆಲಸಕ್ಕೆ ಕೈ ಬರುತ್ತದೆ. ಕೀಲು ಕೆಂಪಾಗಿ, ಊದಿ, ಮುಟ್ಟಿದರೆ ಬಿಸಿಯಿದ್ದ ದಿನ ಮಾತ್ರ ಬೇಡ. ಅವತ್ತು ತಣ್ಣನೆ ಬಟ್ಟೆಯೇ ಹಿತ.

ಆದರೆ ಇವರಿಗೆ ನೀರಿಗಿಂತ ಚೊಂಬೇ ತೊಂದರೆ. ಒಂದೂವರೆ ಲೀಟರಿನ ಹಿತ್ತಾಳೆ ಚೊಂಬು ತುಂಬಿದರೆ ಎರಡು ಕಿಲೋ ಹತ್ತಿರ ತೂಗುತ್ತದೆ. ಅದರ ಕಂಠವನ್ನು ಬೆರಳಿನಲ್ಲಿ ಬಿಗಿಯಾಗಿ ಹಿಡಿದು ಎತ್ತಿದಾಗಲೆಲ್ಲ ಮೊದಲೇ ಸಡಿಲವಾದ ಬೆರಳುಗಳು ಕಿರುಬೆರಳಿನ ಕಡೆಗೆ ವಾಲುತ್ತಾ ಹೋಗುತ್ತವೆ. ಸಣ್ಣ ಹಗುರ ಮಗ್ಗು ತಗೊಳ್ಳಿ, ಅರ್ಧ ತುಂಬಿ, ಎರಡೂ ಅಂಗೈ ಕೊಟ್ಟು ಎತ್ತಿ. ಟವೆಲ್ ಹಿಂಡಬೇಡಿ, ನಲ್ಲಿಗೆ ಸುತ್ತಿ ಅಂಗೈಗಳ ನಡುವೆ ಒತ್ತಿ.

ಇಲ್ಲಿ ನಾನೂ ಒಂದು ತಪ್ಪು ಮಾಡಿದ್ದೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಇಂಥ ಹೆಂಗಸರಿಗೆ "ಅಡಿಕೆ ಸುಲಿಯೋದು ಬಿಟ್ಟುಬಿಡಿ" ಅಂತ ಸುಮ್ನೆ ಹೇಳಿ ಕಳಿಸುತ್ತಿದ್ದೆ. ಒಬ್ಬ ಅಮ್ಮ ತಿರುಗಿ ಕೇಳಿದರು, "ಸುಲಿಯೋ ಕಾಲದಲ್ಲಿ ನಾಲ್ಕು ಕಾಸು ನನ್ನ ಕೈಗೆ ಬರೋದೇ ಅದರಿಂದ, ಅದನ್ನೂ ಬಿಡಲಾ?" ಈಗ ಬಿಡಿ ಅನ್ನುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಮಣೆ ಎತ್ತರಿಸುತ್ತೇನೆ, ಅರ್ಧ ಗಂಟೆಗೊಮ್ಮೆ ಬೆರಳು ಬಿಡಿಸಲು ಹೇಳುತ್ತೇನೆ, ಊತ ಜಾಸ್ತಿ ಇರುವ ದಿನ ಸುಲಿಯುವುದು ಬೇಡ, ಆರಿಸುವ ಕೆಲಸ ಮಾಡಿ ಅನ್ನುತ್ತೇನೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಇಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಅದರಲ್ಲಿ ನರಗಳ ಹೊದಿಕೆ ಹಾಳಾಗಿರುತ್ತದೆ. ಬಿಸಿನೀರು ಮಿಂದು ಎದ್ದರೆ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ಮೈ ತಣ್ಣಗಾದ ಮೇಲೆ ಮೊದಲಿನಂತೆ ಆಗುತ್ತದೆ. ಇವರಿಗೆ ಉಗುರುಬೆಚ್ಚಗಿನ ನೀರೇ ಸರಿ.

ಸ್ಟ್ರೋಕ್ ಆದವರದು ಇನ್ನೊಂದೇ ಕಥೆ. ಮಿದುಳಿನ ಬಲಭಾಗಕ್ಕೆ ಹೊಡೆತ ಬಿದ್ದಾಗ ಕೆಲವರಿಗೆ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ಕಣ್ಣು ಸರಿ ಇರುತ್ತದೆ, ಮನಸ್ಸು ಆ ಕಡೆ ಹೋಗುವುದಿಲ್ಲ. ಬಾಳೆಲೆ ಊಟಕ್ಕೆ ಕೂತರೆ ಎಡಗಡೆ ಬಡಿಸಿದ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಗೇ ಉಳಿದಿರುತ್ತದೆ. ಮಿಂದು ಬಂದರೆ ಎಡಗೈ ಒಣಗಿಯೇ ಇರುತ್ತದೆ. ದಯವಿಟ್ಟು ಅದನ್ನು ಸೋಮಾರಿತನ ಅನ್ನಬೇಡಿ. ಸೋಪು, ಮಗ್ಗು ಎಡಗಡೆಗೆ ಇಟ್ಟು, ಅಲ್ಲಿಂದ ಹುಡುಕಿ ತೆಗೆಯಲು ಹೇಳಿ. ಮತ್ತೆ, ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜ ಜಾರಿಬಿಡುತ್ತದೆ. ಅಂಗಿ ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ.

ಪಾರ್ಕಿನ್ಸನ್ ಇರುವವರು ಎಷ್ಟೋ ಸಲ ಬಚ್ಚಲ ಹೊಸ್ತಿಲಿನಲ್ಲೇ ನಿಂತುಬಿಡುತ್ತಾರೆ. ಕಾಲು ನೆಲಕ್ಕೆ ಅಂಟಿದ ಹಾಗೆ. ತಳ್ಳಿದರೆ ಬೀಳುತ್ತಾರೆ. ಬಾಗಿಲ ಮುಂದೆ ಅಡ್ಡಡ್ಡ ನಾಲ್ಕು ಬಿಳಿ ಪಟ್ಟಿ ಎಳೆದು, ಒಂದೊಂದನ್ನೇ ದಾಟಿ ಅಂದರೆ ತುಂಬ ಜನಕ್ಕೆ ಕಾಲು ಏಳುತ್ತದೆ.

ನಮ್ಮ ಜಿಲ್ಲೆಯದೇ ಒಂದು ಊರಿನ ಹೆಸರು ಹೊತ್ತ ಕಾಯಿಲೆಯೂ ಒಂದಿದೆ ನೋಡಿ, ಹಂದಿಗೋಡು ಕಾಯಿಲೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದದ್ದು. ವಂಶದಲ್ಲಿ ಬರುವಂಥದ್ದು, ಸೊಂಟದ, ಮೊಣಕಾಲಿನ ಕೀಲುಗಳನ್ನು ಸವೆಸುತ್ತದೆ. ಇಂಥವರಿಗೆ ತಗ್ಗಿನ ಮಣೆ ಶಿಕ್ಷೆ. ಮೊಣಕಾಲಿಗಿಂತ ಎತ್ತರದ ಗಟ್ಟಿ ಆಸನ ಬೇಕು, ಬಕೆಟ್ಟೂ ಸ್ಟೂಲಿನ ಮೇಲಿರಬೇಕು, ಬಗ್ಗುವ ಕೆಲಸ ಇರಬಾರದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕು. ಪ್ರಮಾಣಪತ್ರ ಖಂಡಿತ ಮಾಡಿಸಿಕೊಳ್ಳಿ. ಆದರೆ ಶೇ. 60 ಅಂತ ಬರೆಸಿಕೊಂಡ ಇಬ್ಬರಲ್ಲಿ ಒಬ್ಬರು ತಾವೇ ಮೀಯುತ್ತಾರೆ, ಇನ್ನೊಬ್ಬರು ಮಗಳು ಕೆಲಸದಿಂದ ಬರುವ ತನಕ ಕಾಯುತ್ತಾರೆ. ಆ ಅಂಕಿಯಲ್ಲಿ ಇದು ಕಾಣುವುದಿಲ್ಲ.

ಅದಕ್ಕೇ ನನ್ನ ಹತ್ತಿರ ಬರುವವರಿಗೆ ಒಂದು ಕೋರಿಕೆ. ಎಕ್ಸ್‌ರೇ, ಚೀಟಿಗಳ ಜೊತೆ ಮೊಬೈಲಿನಲ್ಲಿ ನಿಮ್ಮ ಬಚ್ಚಲುಮನೆಯ ವಿಡಿಯೋ ಮಾಡಿಕೊಂಡು ಬನ್ನಿ. ಮಲಗುವ ಕೋಣೆಯಿಂದ ಶುರು ಮಾಡಿ ಹಂಡೆಯವರೆಗೆ. ಹೊಸ್ತಿಲು ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ, ಪಾಚಿ ಎಲ್ಲಿ ಕಟ್ಟುತ್ತದೆ, ಒಲೆ ಎಷ್ಟು ಹತ್ತಿರ. ಗೋಡೆ ಹಳೇ ಮಣ್ಣಿನದಾದರೆ ಅದನ್ನೂ ಹೇಳಿ, ಹಿಡಿದುಕೊಳ್ಳುವ ಕಂಬಿಯನ್ನು ಅದಕ್ಕೆ ಹೊಡೆಯಲು ಆಗುವುದಿಲ್ಲ, ನೆಲಕ್ಕೇ ನೆಡಬೇಕಾಗುತ್ತದೆ.