ಗಟ್ಟಿಮೇಳದ ಹೊತ್ತಿಗೆ ಕಿವಿ ಮುಚ್ಚುವ ಮಗು

ಎರಡು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಬಂಧುಗಳ ಮದುವೆ ನಡೆಯುತ್ತಿತ್ತು. ಮಾಂಗಲ್ಯಧಾರಣೆಯ ಕ್ಷಣ ಬಂದಾಗ ಡೋಲು, ನಾದಸ್ವರಗಳು ಒಮ್ಮೆಲೇ ಮೇಲೇರಿದವು. ಅದರ ಜೊತೆಗೆ ಮೈಕಿನಲ್ಲಿ ಮಂತ್ರ, ವಿಡಿಯೊದವರ ಪ್ರಖರ ದೀಪ, ಕಿಕ್ಕಿರಿದ ಜನರ ಮಾತು. ನನ್ನ ಅಕ್ಕನ ಏಳು ವರ್ಷದ ಮಗ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ಕುರ್ಚಿಯ ಕೆಳಗೆ ನುಸುಳಿದ. "ಮಾಮ, ಸೌಂಡ್ ನಿಲ್ಸು" ಎಂದು ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ, ತುಟಿಯ ಚಲನೆಯಿಂದ ತಿಳಿಯಿತು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಮಗುವಿಗೆ ಹಟ ಜಾಸ್ತಿ ಎಂದರು. ಅವನಿಗೆ ಆಟಿಸಂ ಇದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಆ ಸಭಾಂಗಣವೇ ಆ ಸದ್ದನ್ನು ಹಲವು ಪಟ್ಟು ಹಿಗ್ಗಿಸುತ್ತಿತ್ತೆಂಬುದು ಅಂದು ನನಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಫ್ಯಾನು ತಿರುಗುತ್ತಿರುತ್ತದೆ, ಸ್ವಲ್ಪ ಹೊತ್ತಿಗೆ ಅದರ ಸದ್ದು ನಮ್ಮ ಗಮನದಿಂದ ಜಾರಿಹೋಗುತ್ತದೆ. ಕಿವಿ ಅದನ್ನು ಕೇಳುತ್ತಲೇ ಇರುತ್ತದೆ, ಮಿದುಳು ಮಾತ್ರ ಅಪಾಯವಿಲ್ಲವೆಂದು ಅರಿತು ಅದಕ್ಕೆ ಸ್ಪಂದಿಸುವುದನ್ನು ಕಡಿಮೆ ಮಾಡುತ್ತದೆ. ಹೀಗೆ ಒಗ್ಗಿಕೊಳ್ಳುವ ಗುಣ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಕ್ಕಳ ಮತ್ತು ಹದಿಹರೆಯದವರ ತೋಳಿಗೆ ಒರಟು ಉಣ್ಣೆಯ ಬಟ್ಟೆಯನ್ನು ಉಜ್ಜುತ್ತಾ, ವಾಹನ ಸಂಚಾರದ ಸದ್ದನ್ನು ಕೇಳಿಸುತ್ತಾ ಅವರ ಮಿದುಳನ್ನು ಸ್ಕ್ಯಾನ್ ಮಾಡಲಾಯಿತು. ಆಟಿಸಂ ಇದ್ದು ಇಂದ್ರಿಯಗಳು ಅತಿಸೂಕ್ಷ್ಮವಾಗಿರುವವರಲ್ಲಿ, ಭಯ ಮತ್ತು ಎಚ್ಚರಿಕೆಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇತರರಲ್ಲಿ ತಗ್ಗಿದಂತೆ ತಗ್ಗಲಿಲ್ಲ. ಅದೇ ಸದ್ದು, ಅದೇ ಸ್ಪರ್ಶ ಮತ್ತೆ ಮತ್ತೆ ಬಂದರೂ ಅವರ ಮಿದುಳಿಗೆ ಅದು ಹಳತಾಗಲಿಲ್ಲ. "ಕೇಳ್ತಾ ಕೇಳ್ತಾ ಅಭ್ಯಾಸ ಆಗುತ್ತೆ, ಬಿಡಿ" ಎಂದು ನಾವು ಸಲೀಸಾಗಿ ಕೊಡುವ ಸಲಹೆ ಇಂಥ ಮಗುವಿನ ಮಟ್ಟಿಗೆ ಏಕೆ ಕ್ರೌರ್ಯವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆ ನನಗೆ ಸಿಕ್ಕಿಲ್ಲ.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿಯನ್ನು ಹೊರತಂದಾಗ, ಇಂದ್ರಿಯಗಳ ಅತಿಸ್ಪಂದನೆ ಅಥವಾ ಅಲ್ಪಸ್ಪಂದನೆಯನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಆದರೆ ಈ ಸೂಕ್ಷ್ಮತೆ ಆಟಿಸಂಗೆ ಸೀಮಿತವಲ್ಲ. ಮೈಗ್ರೇನ್ ಇರುವವರು, ತಲೆಗೆ ಪೆಟ್ಟು ಬಿದ್ದು ಚೇತರಿಸಿಕೊಳ್ಳುತ್ತಿರುವವರು, ಆಘಾತದ ನೆನಪುಗಳಿಂದ ನರಳುವವರು, ಮರೆವಿನ ಕಾಯಿಲೆಯ ವೃದ್ಧರು, ಶ್ರವಣಯಂತ್ರ ಧರಿಸುವವರು ಎಲ್ಲರೂ ಗದ್ದಲದ ಸಭಾಂಗಣದಲ್ಲಿ ಒಂದಲ್ಲ ಒಂದು ಬಗೆಯಲ್ಲಿ ಬಳಲುತ್ತಾರೆ.

ಸದ್ದಿನ ವಿಷಯಕ್ಕೆ ಬಂದರೆ, ನಾದಸ್ವರ ಮೂಲತಃ ಬಯಲಿನ ವಾದ್ಯ. ದೇವಸ್ಥಾನದ ಪ್ರಾಂಗಣದಲ್ಲಿ, ಉತ್ಸವದ ಬೀದಿಯಲ್ಲಿ, ಮನೆಯ ಮುಂದಿನ ಚಪ್ಪರದಲ್ಲಿ ನುಡಿಸಿದಾಗ ಅದರ ನಾದ ದೂರದವರೆಗೆ ಸಾಗಿ ಕರಗಿಹೋಗುತ್ತಿತ್ತು. ನಾವು ಅದನ್ನು ಗ್ರಾನೈಟ್ ನೆಲ, ಗಾಜಿನ ಕಿಟಕಿ, ಕಾಂಕ್ರೀಟ್ ಛಾವಣಿಗಳ ಪೆಟ್ಟಿಗೆಯೊಳಗೆ ತಂದು, ಸಾಲದೆಂಬಂತೆ ಮೈಕನ್ನೂ ಹಿಡಿದಿದ್ದೇವೆ. ಪೆಟ್ಟಿಗೆಯೊಳಗೆ ಸದ್ದು ಹೇಗೆ ವರ್ತಿಸುತ್ತದೆ ಎಂಬುದನ್ನು ಮೊದಲು ಲೆಕ್ಕಕ್ಕೆ ತಂದವರು ಹಾರ್ವರ್ಡ್‌ನ ಭೌತವಿಜ್ಞಾನಿ ವ್ಯಾಲೆಸ್ ಸಬೈನ್. 1890ರ ದಶಕದಲ್ಲಿ ಅಲ್ಲಿನ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡುಗಳ ಕಾಲ ಗುಂಯ್‌ಗುಡುತ್ತಿತ್ತು. ಒಂದು ವಾಕ್ಯ ಅಡಗುವ ಮೊದಲೇ ಮುಂದಿನದು ಬಂದು ಅದರ ಮೇಲೆ ಬೀಳುತ್ತಿತ್ತು. ಸಬೈನ್ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತಿನಲ್ಲಿ ತರಿಸಿ, ಒಂದಿಷ್ಟು ಹರಡುವುದು, ಅಳೆಯುವುದು, ಇನ್ನಷ್ಟು ಹರಡುವುದು, ಮತ್ತೆ ಅಳೆಯುವುದು, ಹೀಗೆ ಮಾಡುತ್ತಾ ಒಂದು ಸರಳ ಸೂತ್ರಕ್ಕೆ ಬಂದರು: ಅನುರಣನದ ಅವಧಿಯು, ಅಂದರೆ ಸದ್ದು ನಿಂತ ಮೇಲೂ ಅದರ ಗುಂಯ್‌ಗುಡುವಿಕೆ ಉಳಿಯುವ ಕಾಲವು, ಕೊಠಡಿಯ ಘನಗಾತ್ರಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಒಳಗಿನ ಮೇಲ್ಮೈಗಳ ಸದ್ದು ಹೀರುವ ಶಕ್ತಿಗೆ ಅನುಗುಣವಾಗಿ ಕಡಿಮೆಯಾಗುತ್ತದೆ. ಹೀರುವಿಕೆಗೆ ಅವರು ಆರಿಸಿಕೊಂಡ ಅಳತೆಗೋಲು ತೆರೆದ ಕಿಟಕಿ, ಏಕೆಂದರೆ ಹೊರಗೆ ಹೋದ ಸದ್ದು ಮರಳಿ ಬರುವುದಿಲ್ಲ. ನಮ್ಮ ತೊಟ್ಟಿಮನೆಗಳ ನಡುವಿನ ಅಂಗಳ ಆ ಲೆಕ್ಕದಲ್ಲಿ ಆಕಾಶಕ್ಕೆ ತೆರೆದ ಒಂದು ದೊಡ್ಡ ಕಿಟಕಿಯೇ ಆಗಿತ್ತು.

ಈ ಸೂತ್ರವನ್ನು ನಮ್ಮ ಊರಿನ ಒಂದು ಸಾಧಾರಣ ಸಭಾಂಗಣಕ್ಕೆ ಹಚ್ಚಿ ನೋಡೋಣ. 30 ಮೀಟರ್ ಉದ್ದ, 20 ಮೀಟರ್ ಅಗಲ, 6 ಮೀಟರ್ ಎತ್ತರ ಎಂದುಕೊಂಡರೆ ಘನಗಾತ್ರ 3,600 ಘನ ಮೀಟರ್, ಒಳಮೈಯ ಒಟ್ಟು ವಿಸ್ತಾರ 1,800 ಚದರ ಮೀಟರ್. ನಯಗೊಳಿಸಿದ ಕಲ್ಲು, ಗಾರೆ, ಗಾಜುಗಳೆಲ್ಲ ಸೇರಿ ಸರಾಸರಿ ಶೇಕಡ 5ರಷ್ಟು ಸದ್ದನ್ನು ಹೀರುತ್ತವೆಂದು ಇಟ್ಟುಕೊಂಡರೆ, ಖಾಲಿ ಸಭಾಂಗಣದಲ್ಲಿ ಅನುರಣನದ ಅವಧಿ 6 ಸೆಕೆಂಡುಗಳನ್ನು ಮೀರುತ್ತದೆ. ಶೇಕಡ 80ರಷ್ಟು ಸದ್ದು ಹೀರುವ ಹಲಗೆಗಳನ್ನು ಛಾವಣಿಗೆ ಮಾತ್ರ ಅಳವಡಿಸಿದರೂ ಅದು ಸುಮಾರು 1 ಸೆಕೆಂಡಿಗೆ ಇಳಿಯುತ್ತದೆ, ಒಳಗಿನ ಸದ್ದಿನ ಮಟ್ಟ ಸುಮಾರು 8 ಡೆಸಿಬೆಲ್ ತಗ್ಗುತ್ತದೆ. ಸದ್ದು 10 ಡೆಸಿಬೆಲ್ ಇಳಿದರೆ ಕಿವಿಗೆ ಅದು ಅರ್ಧಕ್ಕೆ ಇಳಿದಂತೆ ತೋರುವುದರಿಂದ, 8 ಡೆಸಿಬೆಲ್ ಎಂದರೆ ಸಣ್ಣ ಬದಲಾವಣೆಯಲ್ಲ. ನೆಲ, ಗೋಡೆ, ಓಲಗದವರು, ಅತಿಥಿಗಳು ಯಾರೂ ಬದಲಾಗಬೇಕಾಗಿಲ್ಲ. ಒಂದು ಎಚ್ಚರಿಕೆ ಅಗತ್ಯ: ಅಲಂಕಾರಕ್ಕೆ ಹಾಕಿಸುವ ನಯವಾದ ಪಿಒಪಿ ಫಾಲ್ಸ್ ಸೀಲಿಂಗ್ ಮಾತಿನ ಸ್ವರಗಳನ್ನು ಹೆಚ್ಚು ಹೀರುವುದಿಲ್ಲ. ರಂಧ್ರಗಳಿರುವ ಹಲಗೆಯ ಹಿಂದೆ ನಾರಿನ ಹೊದಿಕೆ ಇರಬೇಕು, ಇಲ್ಲವೇ ಹಲಗೆಯೇ ಸರಂಧ್ರವಾದ ವಸ್ತುವಿನದಾಗಿರಬೇಕು.

ಇಷ್ಟಕ್ಕೇ ನಿಲ್ಲುವುದಿಲ್ಲ. ಸುತ್ತ ಗದ್ದಲವಿದ್ದಾಗ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ದಾಖಲಿಸಿದರು. ಗುಂಯ್‌ಗುಡುವ ಮಂಟಪದಲ್ಲಿ ಒಬ್ಬರು ದನಿ ಏರಿಸಿದರೆ ಪಕ್ಕದವರೂ ಏರಿಸಬೇಕಾಗುತ್ತದೆ, ಆಗ ಮೈಕಿನವರು ವಾಲ್ಯೂಮ್ ಹೆಚ್ಚಿಸುತ್ತಾರೆ, ಜನ ಇನ್ನೂ ಗಟ್ಟಿಯಾಗಿ ಮಾತನಾಡುತ್ತಾರೆ. ಛಾವಣಿ ಸದ್ದನ್ನು ಹೀರಿಕೊಂಡರೆ ಈ ಚಕ್ರ ಹಿಂದಕ್ಕೆ ತಿರುಗುತ್ತದೆ. ಜನ ತಾವಾಗಿಯೇ ಮೆಲ್ಲಗೆ ಮಾತನಾಡತೊಡಗುತ್ತಾರೆ. ವೇದಿಕೆಯ ಇಕ್ಕೆಲಗಳಲ್ಲಿ ಎರಡು ದೈತ್ಯ ಸ್ಪೀಕರುಗಳನ್ನಿಟ್ಟು ಕೊನೆಯ ಸಾಲಿನವರೆಗೂ ಸದ್ದನ್ನು ಎಸೆಯುವ ಬದಲು, ಚಿಕ್ಕ ಸ್ಪೀಕರುಗಳನ್ನು ಸಭಾಂಗಣದುದ್ದಕ್ಕೂ ಹಂಚಿ ಕಡಿಮೆ ದನಿಯಲ್ಲಿ ನುಡಿಸಿದರೆ ಮುಂದಿನ ಸಾಲಿನ ಮಗುವಿನ ಕಿವಿಯೂ ಉಳಿಯುತ್ತದೆ, ಹಿಂದಿನ ಸಾಲಿನ ಅಜ್ಜಿಗೂ ಮಾತು ಕೇಳುತ್ತದೆ.

ಬೆಳಕಿನ ಸಮಸ್ಯೆ ಇದಕ್ಕಿಂತ ಗುಪ್ತವಾದದ್ದು. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತಗಳದ್ದಾದ್ದರಿಂದ, ಹಳೆಯ ಚೋಕ್ ಇರುವ ಟ್ಯೂಬ್‌ಲೈಟುಗಳೂ ಕಳಪೆ ಡ್ರೈವರ್ (ದೀಪಕ್ಕೆ ಹೋಗುವ ವಿದ್ಯುತ್ತನ್ನು ಹದಗೊಳಿಸುವ ಭಾಗ) ಇರುವ ಎಲ್‌ಇಡಿಗಳೂ ಆವರ್ತಕ್ಕೆ ಎರಡರಂತೆ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಮಿನುಗು ಕಾಣದಿದ್ದರೂ ಕೆಲವರಿಗೆ ಅದರಿಂದ ತಲೆನೋವು, ಕಣ್ಣಿನ ಆಯಾಸ ಉಂಟಾಗುತ್ತದೆ. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾವನ್ನು ದೀಪದತ್ತ ಹಿಡಿದು ನೋಡಿದರೆ ಕಪ್ಪು ಪಟ್ಟಿಗಳು ಅಥವಾ ಬಡಿತ ಕಾಣಿಸುತ್ತದೆ, ದೀಪ ಬದಲಿಸಲು ಆ ಪರೀಕ್ಷೆಯೇ ಸಾಕು.

ಇನ್ನು ಶೌಚಾಲಯದ ಹ್ಯಾಂಡ್ ಡ್ರೈಯರ್. ಮಾಲ್ ಒಂದರಲ್ಲಿ ಅಕ್ಕನ ಮಗ ಅದರ ಆರ್ಭಟಕ್ಕೆ ಹೆದರಿ, ಕೈತೊಳೆಯದೆ ಹೊರಗೋಡಿದ್ದನ್ನು ಕಂಡ ಮೇಲೆ ನಾನು ಈ ಯಂತ್ರದ ಬಗ್ಗೆ ಓದತೊಡಗಿದೆ. ಕೆನಡಾದ ಶಾಲಾ ಬಾಲಕಿಯೊಬ್ಬಳು 44 ಹ್ಯಾಂಡ್ ಡ್ರೈಯರುಗಳ ಸದ್ದನ್ನು ದೊಡ್ಡವರ ಮತ್ತು ಮಕ್ಕಳ ಕಿವಿಯ ಎತ್ತರಗಳಲ್ಲಿ ಅಳೆದು, ಕೆಲವು ಯಂತ್ರಗಳ ಸದ್ದು 100 ಡೆಸಿಬೆಲ್ ಮೀರುತ್ತದೆಂದು 2019ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದಾಳೆ. ಗಾಳಿ ಕೆಳಮುಖವಾಗಿ ಬರುವ ಯಂತ್ರದ ಬಾಯಿಯ ಮಟ್ಟಕ್ಕೇ ಮಗುವಿನ ಕಿವಿಯೂ ಇರುತ್ತದೆ ಎಂಬುದು ಅದನ್ನು ಗೋಡೆಗೆ ಜೋಡಿಸುವವರ ಗಮನಕ್ಕೆ ಬಂದಿರಲಾರದು. ಪಕ್ಕದಲ್ಲಿ ಟಿಶ್ಯೂ ಕಾಗದದ ಡಬ್ಬಿಯೊಂದಿದ್ದರೆ ಆ ಮಗು ಕೈತೊಳೆಯುತ್ತಿತ್ತು.

ಇಷ್ಟೆಲ್ಲ ಮಾಡಿದರೂ ದೊಡ್ಡ ಸ್ಥಳವೊಂದು ಪೂರ್ತಿ ಶಾಂತವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸದ್ದಿರದಿದ್ದರೆ ಅದು ಪರಿಷೆಯೇ ಅಲ್ಲ. ಉಳಿಯುವ ಸದ್ದನ್ನು ಸಹ್ಯವಾಗಿಸುವುದು ಮುನ್ಸೂಚನೆ ಮತ್ತು ಹೊರಬರುವ ದಾರಿ. ತಾನೇ ಹೊಡೆದ ಚಪ್ಪಾಳೆಯಿಂದ ಯಾರೂ ಬೆಚ್ಚಿಬೀಳುವುದಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸಾರ್ವಜನಿಕರಿಗೆ ಬಾಗಿಲು ತೆರೆಯುವ ಮೊದಲೇ ಇಂಥ ಮಕ್ಕಳ ಕುಟುಂಬಗಳನ್ನು ಕೆಲವು ಬೆಳಗುಗಳಲ್ಲಿ ಬರಮಾಡಿಕೊಳ್ಳುತ್ತದೆ. ನಮ್ಮ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ, ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದಲ್ಲಿ ಅಂಥ ಒಂದು ಬೆಳಗನ್ನು ಮೀಸಲಿಡಬೇಕೆಂಬುದು ನನ್ನ ಬಲವಾದ ಆಸೆ. ಪ್ರವೇಶದ್ವಾರ ಎಲ್ಲಿದೆ, ಬ್ಯಾಗ್ ತಪಾಸಣೆ ಹೇಗಿರುತ್ತದೆ, ಯಾವ ಕೋಣೆ ಕತ್ತಲು, ಯಾವ ಯಂತ್ರ ಇದ್ದಕ್ಕಿದ್ದಂತೆ ಸದ್ದು ಮಾಡುತ್ತದೆ ಎಂಬುದನ್ನು ಫೋಟೊಗಳ ಸಮೇತ ಕನ್ನಡದಲ್ಲಿ ನಾಲ್ಕು ಪುಟಗಳಲ್ಲಿ ಬರೆದು ಮೊದಲೇ ಕೊಟ್ಟರೆ, ಮಗು ಮನೆಯಲ್ಲೇ ಆ ಭೇಟಿಯನ್ನು ಒಮ್ಮೆ ಮುಗಿಸಿಕೊಂಡು ಬರುತ್ತದೆ.

ಲಂಡನ್ ಬಳಿಯ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಆರಂಭವಾದ ಸೂರ್ಯಕಾಂತಿ ಹೂವಿನ ಹಸಿರು ಕೊರಳಪಟ್ಟಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಬಂದಿದೆ. ಅದನ್ನು ಧರಿಸಿದವರಿಗೆ ಕಣ್ಣಿಗೆ ಕಾಣದ ತೊಂದರೆಯೊಂದಿದೆ, ಸ್ವಲ್ಪ ಹೆಚ್ಚು ಸಮಯ ಬೇಕು ಎಂಬುದು ಸಿಬ್ಬಂದಿಗೆ ತಿಳಿಯುತ್ತದೆ. ಎರಡನೇ ಟರ್ಮಿನಲ್‌ನಲ್ಲಿ ಸೆನ್ಸರಿ ರೂಮ್, ಅಂದರೆ ಇಂದ್ರಿಯಗಳಿಗೆ ಹಿತವಾಗುವ ಶಾಂತ ಕೋಣೆ ಕೂಡ ಇದೆ. ಇಂಥ ಕೋಣೆಗಳ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ. ಅಂಥ ಕೋಣೆ ಬೇಕೇ ಬೇಕು, ಆದರೆ ಸಭಾಂಗಣದ ಛಾವಣಿಯನ್ನು ಹಾಗೇ ಬಿಟ್ಟು ಮೂಲೆಯಲ್ಲೊಂದು ಕೋಣೆಗೆ ಫಲಕ ಹಾಕುವುದೆಂದರೆ ಮೆಟ್ಟಿಲು ಹತ್ತಲಾಗದವರಿಗೆ ಅದರ ಕೆಳಗೆ ಕುರ್ಚಿಯಿಟ್ಟು ಕಾಯಿರಿ ಎಂದಂತೆ. ಆ ಕೋಣೆ ಗದ್ದಲದ ನಡುವಿನಿಂದ ಹಾದುಹೋಗದೆ ತಲುಪುವಂತಿರಬೇಕು, ದೀಪದ ಬೆಳಕನ್ನು ತಗ್ಗಿಸುವಂತಿರಬೇಕು, ರೂಮ್ ಫ್ರೆಶ್ನರ್ ಇರಬಾರದು, ಬೀಗದ ಕೈಗಾಗಿ ಮ್ಯಾನೇಜರನ್ನು ಹುಡುಕುವಂತಾಗಬಾರದು. ಕಲ್ಯಾಣ ಮಂಟಪಗಳಲ್ಲಿ ಇಂಥ ಖಾಲಿ ಕೋಣೆಯೊಂದು ಸಿಕ್ಕರೆ ಮರುಕ್ಷಣವೇ ಅದು ಉಡುಗೊರೆಗಳಿಂದ, ತಾಂಬೂಲದ ಚೀಲಗಳಿಂದ ತುಂಬಿಹೋಗುತ್ತದೆ, ಅದನ್ನೂ ತಡೆಯಬೇಕು.

ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ, ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ಅದು ವಿಧಿಸುತ್ತದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕುರಿತ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯದೆ ಕಡ್ಡಾಯ ನಿಯಮಗಳಾಗಬೇಕೆಂದು ತೀರ್ಪಿತ್ತಿದೆ. ಬ್ರಿಟನ್ನಿನ ಮಾನಕ ಸಂಸ್ಥೆ 2022ರಲ್ಲಿ ನರವೈವಿಧ್ಯವನ್ನು, ಅಂದರೆ ಆಟಿಸಂನಂತೆ ಮಿದುಳು ಕೆಲಸ ಮಾಡುವ ಬಗೆಯಲ್ಲಿನ ಭಿನ್ನತೆಗಳನ್ನು ಗಮನದಲ್ಲಿಟ್ಟು ಕಟ್ಟಡಗಳ ಬೆಳಕು, ಸದ್ದು, ನೆಲದ ವಿನ್ಯಾಸಗಳ ಕುರಿತೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಇಳಿಜಾರಿನ ರ‍್ಯಾಂಪ್‌ಗೆ ಕೋನ ಎಷ್ಟಿರಬೇಕೆಂದು ಬರೆಯುವ ಕೈಯೇ ಅನುರಣನದ ಅವಧಿ ಎಷ್ಟಿರಬೇಕೆಂದೂ ಬರೆಯಬಲ್ಲದು.

ಈ ವರ್ಷ ಇನ್ನೊಂದು ಮದುವೆಗೆ ಹೋಗುವ ಮುನ್ನ ಅಕ್ಕ ಮಗನಿಗೆ ಹಳೆಯ ಮದುವೆಯ ವಿಡಿಯೊವೊಂದನ್ನು ಸದ್ದು ಅಡಗಿಸಿ ನಾಲ್ಕಾರು ಬಾರಿ ತೋರಿಸಿದ್ದಳು. ಮಂಟಪದಲ್ಲಿ ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕಿವಿ ಮುಚ್ಚುವ ಇಯರ್‌ಮಫ್ ಅನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಪುರೋಹಿತರು ಬಲಗೈಯನ್ನು ಮೇಲೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುವ ಮೊದಲೇ, ಆ ಕೈ ಏಳುತ್ತಿರುವುದನ್ನು ಕಂಡು, ಅವನು ಇಯರ್‌ಮಫ್ ತೊಟ್ಟುಕೊಂಡ. ಡೋಲಿನವರು ಬಡಿಯತೊಡಗಿದಾಗ ನನ್ನ ತೋಳನ್ನು ತಟ್ಟಿ, ಪುರೋಹಿತರ ಕೈಯತ್ತ ಬೆರಳು ತೋರಿಸಿದ.